ಹ್ಯಾಸ್ಕೆಲ್‌ನ ಬೇಸ್ ಲೈಬ್ರರಿ: ಲೆಂಗ್ತ್ ಎಲ್ಲಕ್ಕೂ ಬೇಡ, ಲಿಸ್ಟ್‌ಗೆ ಸಾಕು

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ, ಅದಕ್ಕೆ ಹ್ಯಾಸ್ಕೆಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸಲು ಶುರು ಮಾಡಿ ವರ್ಷಗಳೇ ಆದವು. ಭಾಷೆ ತುಂಬಾ ಇಷ್ಟ, ಬಿಡುವ ಮಾತೇ ಇಲ್ಲ. ಆದರೆ ಜೊತೆಗೆ ಬರುವ ಬೇಸ್ ಲೈಬ್ರರಿ (ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಬಗ್ಗೆ ಒಂದು ತಕರಾರಿದೆ. ದಿನಾ ಬೇಕಾಗುವ ಲೆಂಗ್ತ್ (ಎಣಿಸಲು), ಸಮ್ (ಕೂಡಲು), ಎಲೆಮ್ (ಇದೆಯಾ ಅಂತ ಹುಡುಕಲು) ಫಂಕ್ಷನ್‌ಗಳನ್ನು ಅತಿಯಾಗಿ ಜೆನೆರಿಕ್, ಅಂದರೆ ಹಲವು ಬಗೆಯ ಡೇಟಾಗೆ ಒಂದೇ ಫಂಕ್ಷನ್ ನಡೆಯುವ ಹಾಗೆ, ಮಾಡಿಬಿಟ್ಟಿದ್ದಾರೆ.

2015ರಲ್ಲಿ ಹ್ಯಾಸ್ಕೆಲ್‌ನ ಕಂಪೈಲರ್ ಜಿಎಚ್‌ಸಿ 7.10 ಬರುವ ತನಕ ಪ್ರಿಲ್ಯೂಡ್‌ನ (ತಾನಾಗಿಯೇ ಇಂಪೋರ್ಟ್ ಆಗುವ ಮಾಡ್ಯೂಲ್) ಲೆಂಗ್ತ್ ಲಿಸ್ಟ್‌ಗೆ ಮಾತ್ರ ಇತ್ತು. ಆಮೇಲೆ ಫೋಲ್ಡಬಲ್ ಆದ, ಅಂದರೆ ಒಳಗಿನ ಮೌಲ್ಯಗಳನ್ನು ಒಂದೊಂದಾಗಿ ನೋಡುತ್ತಾ ಹೋಗಬಹುದಾದ, ಎಲ್ಲಕ್ಕೂ ಬಂತು. ಮ್ಯಾಪ್ (ಕೀಲಿಗೊಂದು ಮೌಲ್ಯ), ಸೆಟ್ (ಒಂದೇ ಮೌಲ್ಯ ಎರಡು ಸಲ ಇರದ ಗುಂಪು) ಸರಿ. ಕೆಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿಡುವ ಟ್ಯೂಪಲ್ಲೂ ಬಂತಲ್ಲ, ತೊಂದರೆ ಅಲ್ಲೇ. ಎರಡು ಮೌಲ್ಯಗಳ ಟ್ಯೂಪಲ್‌ನಲ್ಲಿ ಅದು ಎರಡನೆಯದನ್ನು ಮಾತ್ರ ಎಣಿಸುತ್ತದೆ, ಹಾಗಾಗಿ ಉತ್ತರ ಯಾವಾಗಲೂ 1.

ರಾಶಿ ಇಡಿ ಅಡಿಕೆಯ ಚೀಲಗಳ ತೂಕವನ್ನು ಲಿಸ್ಟ್ ಆಗಿ ಕೊಡುವ ಒಂದು ಫಂಕ್ಷನ್ ಇದೆ ಅಂದುಕೊಳ್ಳಿ. ಮುಂದೆ ಯಾರೋ ಅದನ್ನು ತಿದ್ದಿ, ಲಿಸ್ಟ್ ಮತ್ತು ಒಟ್ಟು ತೂಕ ಎರಡನ್ನೂ ಟ್ಯೂಪಲ್‌ನಲ್ಲಿ ಕೊಡುವ ಹಾಗೆ ಮಾಡುತ್ತಾರೆ. ಅದನ್ನು ಕರೆಯುವ ಹಳೇ ಕೋಡ್‌ನಲ್ಲಿ ಲೆಂಗ್ತ್, ಸಮ್ ಎರಡೇ ಇದ್ದರೆ ಏನೂ ಮುಟ್ಟದೆ ಕಂಪೈಲ್ ಆಗುತ್ತದೆ. ಸಮ್ ಕೇಳಿದರೆ ಎರಡನೇ ಮೌಲ್ಯ, ಅಂದರೆ ಒಟ್ಟು ತೂಕವೇ ಬರುತ್ತದೆ, ಸರಿಯಾದ ಉತ್ತರ, ಯಾರಿಗೂ ಅನುಮಾನ ಬರುವುದಿಲ್ಲ. ಲೆಂಗ್ತ್ ಮಾತ್ರ 1. ಐವತ್ತು ಚೀಲ ತಂದ ರೈತರ ಚೀಟಿಯಲ್ಲಿ ಒಂದೇ ಚೀಲ, ಚೀಲದ ಮೇಲೆ ಲೆಕ್ಕ ಹಾಕುವ ಹಮಾಲಿಯೂ ತಪ್ಪು. ಮೌಲ್ಯದ ಬಗೆ, ಅಂದರೆ ಟೈಪ್, ಬದಲಾದರೆ ಕಂಪೈಲರ್ ತಡೆಯಲಿ ಅಂತಲೇ ಅಲ್ವಾ ನಾವು ಹ್ಯಾಸ್ಕೆಲ್ ಹಿಡಿದಿದ್ದು?

ವೇಗದ್ದೂ ಒಂದು ಕಥೆ. ಸೆಟ್‌ನಲ್ಲಿ ಒಂದು ಐಟಂ ಇದೆಯಾ ಅಂತ ಜೆನೆರಿಕ್ ಎಲೆಮ್‌ನಿಂದ ನೋಡಿದರೆ, ಅದಕ್ಕೆ ಗೊತ್ತಿರುವುದು ಎರಡು ಮೌಲ್ಯ ಸಮವೇ ಅನ್ನುವುದಷ್ಟೇ, ಯಾವುದು ದೊಡ್ಡದು ಅನ್ನುವುದಲ್ಲ, ಆದ್ದರಿಂದ ಒಂದೊಂದನ್ನೂ ನೋಡುತ್ತಾ ಹೋಗುತ್ತದೆ. ಲಕ್ಷ ಐಟಂ ಇದ್ದರೆ ಲಕ್ಷ ಹೋಲಿಕೆ ಬೇಕಾಗಬಹುದು. ಸೆಟ್‌ನದೇ ಮೆಂಬರ್ ಫಂಕ್ಷನ್‌ಗೆ ಇಪ್ಪತ್ತರ ಆಸುಪಾಸು ಸಾಕು.

ಜೆನೆರಿಕ್ ಅಂದರೆ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಟ್ರಾವರ್ಸ್ ಇಲ್ಲದೆ ನಮ್ಮ ಕೋಡ್ ಊಹಿಸಲೂ ಆಗುವುದಿಲ್ಲ. ಲಿಸ್ಟ್ ಇರಲಿ, ಮ್ಯಾಪ್ ಇರಲಿ, ಒಳಗಿನ ಪ್ರತಿಯೊಂದಕ್ಕೂ ಒಂದು ಕೆಲಸ ಮಾಡಿ, ಆಕಾರ ಹಾಗೇ ಉಳಿಸಿ ಕೊಡುತ್ತದೆ. ಇಂಥ ಕಡೆ ಒಂದೇ ಹೆಸರು ಇರುವುದು ನಿಜವಾದ ಅನುಕೂಲ. ಎಣಿಸುವ, ಹುಡುಕುವ ಕೆಲಸಕ್ಕೆ ಮಾತ್ರ ಏನನ್ನು ಎಣಿಸುತ್ತಿದ್ದೇವೆ ಅಂತ ಕೋಡ್‌ನಲ್ಲೇ ಕಾಣಬೇಕು. ಓಕ್ಯಾಮಲ್ ಅನ್ನುವ ಇನ್ನೊಂದು ಭಾಷೆಯಲ್ಲಿ ಲಿಸ್ಟ್‌ನ ಲೆಂಗ್ತ್ ಬೇರೆ, ಅರೇಯ ಲೆಂಗ್ತ್ ಬೇರೆ. ಬರೆಯುವುದು ಸ್ವಲ್ಪ ಜಾಸ್ತಿ, ಓದುವವರಿಗೆ ಆರಾಮ.

ಇಷ್ಟೆಲ್ಲ ಜೆನೆರಿಕ್ ಮಾಡಿಯೂ ಅಕ್ಷರಗಳನ್ನು ಇಡುವ ಟೆಕ್ಸ್ಟ್ ಅನ್ನುವ ಟೈಪ್‌ಗೆ ಈ ಲೆಂಗ್ತ್ ನಡೆಯುವುದಿಲ್ಲ! ಅದು ಫೋಲ್ಡಬಲ್ ಆಗಲಾರದು, ಅದರದೇ ಮಾಡ್ಯೂಲ್‌ನಿಂದ ತರಬೇಕು.

ಹೊಸದಾಗಿ ಶುರು ಮಾಡುವವರು ಮ್ಯಾಪ್, ಸೆಟ್‌ಗಳನ್ನು ಕ್ವಾಲಿಫೈಡ್ ಆಗಿ (ಫಂಕ್ಷನ್ ಹೆಸರಿನ ಮುಂದೆ ಮಾಡ್ಯೂಲ್ ಹೆಸರು ಬರುವ ಹಾಗೆ) ಇಂಪೋರ್ಟ್ ಮಾಡಿ, ಆಯಾ ಮಾಡ್ಯೂಲ್‌ನ ಫಂಕ್ಷನ್‌ಗಳನ್ನೇ ಬಳಸಿ. ಲಿಸ್ಟ್‌ಗೆ ಮಾತ್ರ ಒಪ್ಪುವ ಲೆಂಗ್ತ್ ಒಂದನ್ನು ಟೈಪ್ ಸಹಿತ ನಿಮ್ಮ ಪ್ರಾಜೆಕ್ಟ್‌ನಲ್ಲೇ ಬರೆದಿಟ್ಟುಕೊಳ್ಳಿ, ಎರಡೇ ಸಾಲು. ನಮ್ಮಲ್ಲಿ ಈಗ ಎಲ್ಲರೂ ಅದನ್ನೇ ಬಳಸುತ್ತಾರೆ.