ಹಳೆಯ ಆಫೀಸ್ ಡೆಸ್ಕ್‌ಟಾಪ್‌ಗೆ ಆರ್‌ಟಿಎಕ್ಸ್ 3050 6 ಜಿಬಿ: ದಾವಣಗೆರೆಯ ಮನೆಯೊಂದರ ದೀರ್ಘಕಾಲದ ಬಳಕೆ

ಕಡಿಮೆ ಬೆಲೆಗೆ ಯಾವ ಗ್ರಾಫಿಕ್ಸ್ ಕಾರ್ಡ್ ಒಳ್ಳೆಯದು ಎಂದು ಯಾರಾದರೂ ವಿಚಾರಿಸಿದರೆ, ಕಾರ್ಡ್‌ನ ಮಾತು ಎತ್ತುವ ಮೊದಲು ಅವರ ಕ್ಯಾಬಿನೆಟ್‌ನಲ್ಲಿರುವ ಪವರ್ ಸಪ್ಲೈ ಎಷ್ಟು ವಾಟ್‌ನದು ಎಂದು ನಾನು ಕೇಳುತ್ತೇನೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇರುವುದು ಯಾವುದೋ ಕಚೇರಿಯಲ್ಲಿ ದುಡಿದು, ರಿಪೇರಿಯಾಗಿ, ಅರ್ಧ ಬೆಲೆಗಿಂತಲೂ ಕಡಿಮೆಗೆ ಮಾರಾಟಕ್ಕೆ ಬಂದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್. ನಮ್ಮ ಮನೆಯದೂ ಅಂಥದ್ದೇ: ಇಂಟೆಲ್ ಕೋರ್ ಐ5-8400 ಪ್ರೊಸೆಸರ್, 16 ಜಿಬಿ ರ‍್ಯಾಮ್, 240 ವಾಟ್‌ನ ಪವರ್ ಸಪ್ಲೈ. ಕಾರ್ಡ್‌ಗೆ ಪ್ರತ್ಯೇಕವಾಗಿ ವಿದ್ಯುತ್ ಕೊಡುವ 6 ಪಿನ್ ಅಥವಾ 8 ಪಿನ್ ವೈರ್ ಅದರಲ್ಲಿ ಇಲ್ಲವೇ ಇಲ್ಲ. ಅದರ ಮೇಲೆ ನಾನು ಪಿಯು ವಿದ್ಯಾರ್ಥಿಗಳಿಗೆ ಗಣಿತದ ಪಾಠಗಳನ್ನು ರೆಕಾರ್ಡ್ ಮಾಡುತ್ತೇನೆ, ಮಗ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿಗಳನ್ನು ಕಟ್ಟುತ್ತಾನೆ, ರಾತ್ರಿ ಊಟವಾದ ಮೇಲೆ ಆಟವೂ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಬೇಸಿಗೆಗಳನ್ನು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡ್‌ನೊಂದಿಗೆ ಕಳೆದಿರುವುದರಿಂದ, ಅದರ ಗುಣವನ್ನೂ ಮಿತಿಯನ್ನೂ ಬಳಕೆಯ ಆಧಾರದ ಮೇಲೆಯೇ ಹೇಳಬಲ್ಲೆ.

ವಿದ್ಯುತ್ತಿನ ಲೆಕ್ಕವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಆಯ್ಕೆಯ ಮುಕ್ಕಾಲು ಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ. ಮದರ್‌ಬೋರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಗ್ರಾಫಿಕ್ಸ್ ಕಾರ್ಡ್‌ಗೆ ಹೆಚ್ಚೆಂದರೆ 75 ವಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡ್‌ಗೆ ಪ್ರತ್ಯೇಕ ವೈರ್ ಬೇಕೇ ಬೇಕು. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಗೆ ಎನ್‌ವಿಡಿಯಾ ನಿಗದಿ ಮಾಡಿರುವ ಮಿತಿ 70 ವಾಟ್ ಆದ್ದರಿಂದ ಅದರ ಬಹುತೇಕ ಕಾರ್ಡ್‌ಗಳು ಸ್ಲಾಟ್‌ನ ವಿದ್ಯುತ್ತಿನಲ್ಲೇ ನಡೆಯುತ್ತವೆ. 65 ವಾಟ್‌ನ ಪ್ರೊಸೆಸರ್, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್, ಫ್ಯಾನ್‌ಗಳು ಎಲ್ಲವನ್ನೂ ಕೂಡಿಸಿದರೂ 240 ವಾಟ್‌ನೊಳಗೆ ಉಸಿರಾಡಲು ಜಾಗ ಉಳಿಯುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯ ಸುಮಾರು 360 ವಾಟ್ ಮಾತ್ರ. ಮಳೆಗಾಲದ ಸಂಜೆ ಕರೆಂಟ್ ಹೋದಾಗ, ಅರ್ಧ ಮುಗಿದ ರೆಂಡರ್ (ಮಾದರಿಯಿಂದ ಅಂತಿಮ ಚಿತ್ರ ತಯಾರಿಸುವ ಕೆಲಸ) ಅನ್ನು ನಿಲ್ಲಿಸಿ, ಕೆಲಸವನ್ನು ಉಳಿಸಿ, ಕಂಪ್ಯೂಟರ್ ಅನ್ನು ಕ್ರಮವಾಗಿ ಮುಚ್ಚುವಷ್ಟು ಸಮಯವನ್ನು ಆ ಪುಟ್ಟ ಯುಪಿಎಸ್ ಇಂದಿಗೂ ಕೊಡುತ್ತಿದೆ. 200 ವಾಟ್‌ನ ಕಾರ್ಡ್ ಹಾಕಿದ್ದರೆ ಪವರ್ ಸಪ್ಲೈ ಜೊತೆಗೆ ಯುಪಿಎಸ್ ಅನ್ನೂ ಬದಲಿಸಬೇಕಾಗುತ್ತಿತ್ತು.

ಖರೀದಿಗೆ ಹೋದಾಗ ಎಚ್ಚರ ವಹಿಸಬೇಕಾದದ್ದು ಹೆಸರಿನ ವಿಷಯದಲ್ಲಿ. 2022ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿ ಮೆಮೊರಿ, ಲೆಕ್ಕ ಮಾಡುವ 2560 ಕೋರ್‌ಗಳು (‘CUDA’ ಕೋರ್), ಮೆಮೊರಿಗೆ ಹೋಗಿಬರುವ 128 ಬಿಟ್ ಅಗಲದ ದಾರಿ ಅಂದರೆ ಬಸ್ ಇದ್ದವು, ವಿದ್ಯುತ್ ಮಿತಿ 130 ವಾಟ್. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿ ಮಾದರಿಯಲ್ಲಿ ಕೋರ್‌ಗಳು 2304ಕ್ಕೆ, ಬಸ್ 96 ಬಿಟ್‌ಗೆ, ಮೆಮೊರಿಯ ವೇಗ ಸೆಕೆಂಡಿಗೆ 224 ಜಿಬಿಯಿಂದ 168 ಜಿಬಿಗೆ ಇಳಿದಿದೆ. ಎರಡರ ನಡುವೆ ಇಷ್ಟು ಅಂತರವಿದ್ದೂ ಒಂದೇ ಹೆಸರಿನಲ್ಲಿ ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇಂಟರ್ನೆಟ್‌ನಲ್ಲಿ 8 ಜಿಬಿ ಮಾದರಿಯ ಪರೀಕ್ಷೆಗಳನ್ನು ನೋಡಿ 6 ಜಿಬಿ ಮಾದರಿಯನ್ನು ತಂದವರಿಗೆ ನಿರಾಸೆ ಖಂಡಿತ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಇಲ್ಲಿನ ಅಂಗಡಿಯೊಂದರಲ್ಲಿ ನನಗೆ ‘4 ಜಿಬಿ ಗೇಮಿಂಗ್ ಕಾರ್ಡ್’ ಎಂದು ತೋರಿಸಿದ್ದು ಡಿಡಿಆರ್3 ಎಂಬ ನಿಧಾನದ ಮೆಮೊರಿಯ ಜಿಟಿ 730. ಡಬ್ಬಿಯ ಮೇಲೆ 4 ಎಂಬ ಅಂಕಿ ದೊಡ್ಡದಾಗಿಯೇ ಇತ್ತು. ಮೆಮೊರಿ ಯಾವ ಬಗೆಯದು ಎಂಬುದು ಮಾತ್ರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿತ್ತು. ಆ ಕಾರ್ಡ್ ಹೊಸ ಡ್ರೈವರ್‌ಗಳಿಂದ (ಕಾರ್ಡ್ ಅನ್ನು ನಡೆಸುವ ತಂತ್ರಾಂಶ) ಹೊರಗುಳಿದು ವರ್ಷಗಳೇ ಕಳೆದಿವೆ. ಜಿಟಿ 1030ರಲ್ಲಿಯೂ ಇದೇ ಬಗೆಯ ತೊಡಕು: ಅದರ ಜಿಡಿಡಿಆರ್5 ಮಾದರಿಯ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಅದೇ ಹೆಸರಿನ ಡಿಡಿಆರ್4 ಮಾದರಿ 17 ಜಿಬಿಯನ್ನೂ ಮುಟ್ಟುವುದಿಲ್ಲ.

ಉಳಿದ ಆಯ್ಕೆಗಳನ್ನು ಕೈಬಿಟ್ಟ ಕಾರಣಗಳು ಹೀಗಿವೆ. ಎಎಂಡಿಯ ಆರ್‌ಎಕ್ಸ್ 6400 ಕೇವಲ 53 ವಾಟ್‌ನದು, ಸಣ್ಣ ಕ್ಯಾಬಿನೆಟ್‌ಗೂ ಹೊಂದುತ್ತದೆ. ಆದರೆ ಅದರಲ್ಲಿ ರೆಕಾರ್ಡ್ ಮಾಡುವ ವಿಡಿಯೊವನ್ನು ಕುಗ್ಗಿಸುವ ಎನ್‌ಕೋಡರ್ ಇಲ್ಲ, ಮೆಮೊರಿ 4 ಜಿಬಿ ಮಾತ್ರ, ಸ್ಲಾಟ್‌ನೊಂದಿಗೆ ನಾಲ್ಕೇ ಲೇನ್‌ಗಳ (ಮಾಹಿತಿ ಸಾಗುವ ದಾರಿಗಳ) ಸಂಪರ್ಕ. ನಮ್ಮಂಥ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡ್‌ನಲ್ಲಿ ಆ ನಾಲ್ಕು ಲೇನ್‌ಗಳ ವೇಗ 4.0 ಬೋರ್ಡ್‌ಗೆ ಹೋಲಿಸಿದರೆ ಅರ್ಧವಾಗುವುದರಿಂದ, ಕಾರ್ಡ್‌ನ ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತದೆ. ಇಂಟೆಲ್‌ನ ಆರ್ಕ್ ಎ380ರಲ್ಲಿ 6 ಜಿಬಿ ಮೆಮೊರಿಯೂ ಎವಿ1 ಎಂಬ ಹೊಸ ವಿಡಿಯೊ ಮಾದರಿಯ ಎನ್‌ಕೋಡರೂ ಇವೆ. ಹೊಸ ಮದರ್‌ಬೋರ್ಡ್ ಇದ್ದವರು ಅದನ್ನು ಅವಶ್ಯವಾಗಿ ಪರಿಶೀಲಿಸಬೇಕು. ಆದರೆ ರಿಸೈಜಬಲ್ ಬಾರ್ (ಕಾರ್ಡ್‌ನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಲೇ ತಲುಪುವ ಸೌಲಭ್ಯ) ಇಲ್ಲದ ಹಳೆಯ ಬೋರ್ಡ್‌ನಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಸೆಕೆಂಡ್‌ಹ್ಯಾಂಡ್ ಆರ್‌ಎಕ್ಸ್ 580 ಅಗ್ಗವಾಗಿ ಸಿಗುತ್ತದೆ, ಆದರೆ 185 ವಾಟ್ ಬೇಡುತ್ತದೆ. ಜೊತೆಗೆ 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಹಣದ ಮೈನಿಂಗ್ ನಿಲ್ಲುವವರೆಗೆ ಅಂಥ ಅನೇಕ ಕಾರ್ಡ್‌ಗಳು ಹಗಲಿರುಳು ದುಡಿದಿದ್ದವು ಎಂಬುದನ್ನೂ ಮರೆಯಬಾರದು.

ಇನ್ನು ಬಳಕೆಯ ವಿಷಯ. ಪಾಠ ರೆಕಾರ್ಡ್ ಮಾಡುವಾಗ ಒಬಿಎಸ್ ತಂತ್ರಾಂಶದಲ್ಲಿ ಕಾರ್ಡ್‌ನಲ್ಲೇ ಇರುವ ಎನ್‌ವೆಂಕ್ ಎನ್‌ಕೋಡರ್ ಆಯ್ದುಕೊಂಡರೆ ಪ್ರೊಸೆಸರ್‌ನ ಮೇಲೆ ಹೆಚ್ಚು ಹೊರೆ ಬೀಳುವುದಿಲ್ಲ. ಟ್ಯಾಬ್ಲೆಟ್‌ನ ಮೇಲೆ ಎಳೆದ ಗೆರೆ ಮಾತಿನೊಂದಿಗೇ ಮೂಡುತ್ತದೆ. ಆದರೆ ಇಂಟೆಲ್ ಪ್ರೊಸೆಸರ್‌ನಲ್ಲೇ ಇರುವ ಕ್ವಿಕ್ ಸಿಂಕ್ ಎಂಬ ಎನ್‌ಕೋಡರ್ ಕೂಡ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕೇವಲ ಪಾಠ ರೆಕಾರ್ಡ್ ಮಾಡುವವರು ಕಾರ್ಡ್‌ಗಾಗಿ ದುಡ್ಡು ಸುರಿಯುವ ಅಗತ್ಯವಿಲ್ಲ.

ಕಾರ್ಡ್ ತನ್ನ ಬೆಲೆಯನ್ನು ನಿಜವಾಗಿ ತೀರಿಸಿದ್ದು ಬ್ಲೆಂಡರ್‌ನಲ್ಲಿ. ನಮ್ಮ ಜಿಲ್ಲೆಯ ಸಂತೇಬೆನ್ನೂರಿನ ಪುಷ್ಕರಣಿಯನ್ನು ಮಗ ಮೂರು ಆಯಾಮದಲ್ಲಿ ಕಟ್ಟಲು ತೊಡಗಿದಾಗ, ಮೆಟ್ಟಿಲುಗಳಿಗೆ, ಮೂಲೆಯ ಮಂಟಪಗಳಿಗೆ, ನೀರಿನ ನಡುವಿನ ವಸಂತ ಮಂಟಪಕ್ಕೆ ಬೇರೆ ಬೇರೆ ಕಲ್ಲಿನ ಚಿತ್ರಗಳನ್ನು 4096 ಪಿಕ್ಸೆಲ್ ಅಳತೆಯಲ್ಲಿ ಹೊದಿಸಿದ್ದ. ಅಂಥ ಒಂದೊಂದು ಚಿತ್ರವೂ ಕಾರ್ಡ್‌ನ ಮೆಮೊರಿಯಲ್ಲಿ 64 ಎಂಬಿ ಜಾಗ ಹಿಡಿಯುತ್ತದೆ, ಒಂದೊಂದು ಕಲ್ಲಿಗೂ ಬಣ್ಣ, ಉಬ್ಬುತಗ್ಗು, ಹೊಳಪು ಎಂದು ಮೂರು ನಾಲ್ಕು ಚಿತ್ರಗಳು ಬೇಕಾಗುತ್ತವೆ. 6 ಜಿಬಿ ತುಂಬಿ ರೆಂಡರ್ ತೆವಳತೊಡಗಿತು. ಕ್ಯಾಮೆರಾದಿಂದ ದೂರವಿರುವ ಕಲ್ಲುಗಳ ಚಿತ್ರಗಳನ್ನು 2048ಕ್ಕೆ ಇಳಿಸಿದ ಮೇಲೆ ಪ್ರತಿ ಚಿತ್ರ 16 ಎಂಬಿಗೆ ಕುಗ್ಗಿತು. ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ, ರೆಂಡರ್ ಸರಾಗವಾಗಿ ಮುಗಿಯಿತು. 4 ಜಿಬಿ ಕಾರ್ಡ್ ಆಗಿದ್ದರೆ ಈ ಉಪಾಯಕ್ಕೂ ಅವಕಾಶ ಕಡಿಮೆ ಇತ್ತು. ಅಗ್ಗದ ಕಾರ್ಡ್‌ಗಳಲ್ಲಿ ವೇಗಕ್ಕಿಂತ ಮೆಮೊರಿಗೆ ಹೆಚ್ಚು ಬೆಲೆ ಕೊಡಿ ಎಂದು ನಾನು ಒತ್ತಿ ಹೇಳುವುದು ಇದರಿಂದಲೇ.

ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1080ಪಿ ಪರದೆಯಲ್ಲಿ ವ್ಯಾಲೊರಂಟ್‌ನಂಥ ಹಗುರ ಆಟಗಳು ನೀರು ಕುಡಿದಷ್ಟು ಸುಲಭವಾಗಿ ನಡೆಯುತ್ತವೆ. ಹೊಸ ದೊಡ್ಡ ಆಟಗಳಿಗೆ ಡಿಎಲ್‌ಎಸ್‌ಎಸ್ (ಚಿತ್ರವನ್ನು ಚಿಕ್ಕದಾಗಿ ರಚಿಸಿ ಹಿಗ್ಗಿಸುವ ಸೌಲಭ್ಯ) ಹಾಕಿ ಸೆಟ್ಟಿಂಗ್‌ಗಳನ್ನು ಮಧ್ಯಮಕ್ಕೆ ಇಳಿಸಬೇಕು. ಬೆಳಕು ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಹೆಸರಿಗೆ ಮಾತ್ರ ಇದೆ.

ಏಪ್ರಿಲ್, ಮೇ ತಿಂಗಳ ನಮ್ಮೂರಿನ ಬಿಸಿಲು ಯಾವ ಕಾರ್ಡ್‌ಗೂ ಪರೀಕ್ಷೆಯೇ. ಕೋಣೆಯೇ ಕಾದಿರುವಾಗ ಒಂದೇ ಫ್ಯಾನ್‌ನ ಈ ಕಾರ್ಡ್ ಜೋರಾಗಿ ಸದ್ದು ಮಾಡುತ್ತದೆ. ಡ್ರೈವರ್‌ನಲ್ಲಿ ಗರಿಷ್ಠ ಫ್ರೇಮ್ ದರವನ್ನು ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿದ ಮೇಲೆ ಬಿಸಿಯೂ ಸದ್ದೂ ಎದ್ದು ಕಾಣುವಷ್ಟು ಇಳಿದವು. ಅದಕ್ಕಿಂತ ಮುಖ್ಯವಾದದ್ದು ಧೂಳು. ಕೆಲವು ತಿಂಗಳು ಬಿಟ್ಟು ತೆರೆದು ನೋಡಿದರೆ ಫ್ಯಾನ್‌ನ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಹಿಂಜಿದ ಅರಳೆಯಂತೆ ಹಾಸಿಕೊಂಡಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಲೆ ತುಸು ಕಡಿಮೆಗೆ ಕುದುರಬಹುದು. ಆದರೂ ಕೊಳ್ಳುವ ಮುನ್ನ ವಾರಂಟಿ ಯಾರ ಮೂಲಕ ನಡೆಯುತ್ತದೆ, ಕೆಟ್ಟ ಕಾರ್ಡ್ ಅನ್ನು ಸರ್ವಿಸ್ ಸೆಂಟರ್‌ಗೆ ಕಳುಹಿಸುವವರು ಅಂಗಡಿಯವರೋ ನೀವೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಜಿಎಸ್‌ಟಿ ಬಿಲ್‌ನಲ್ಲಿ ಮಾದರಿಯ ಪೂರ್ಣ ಹೆಸರು, ಮೆಮೊರಿಯ ಗಾತ್ರ, ಸೀರಿಯಲ್ ನಂಬರ್ ಮೂರನ್ನೂ ಬರೆಸಿಕೊಳ್ಳಿ. ಸಣ್ಣ ಕ್ಯಾಬಿನೆಟ್ ಇದ್ದರೆ ಅರ್ಧ ಎತ್ತರದ ಲೋ ಪ್ರೊಫೈಲ್ ಮಾದರಿಯನ್ನೇ ಕೇಳಿ, ಅದರ ಚಿಕ್ಕ ಬ್ರ್ಯಾಕೆಟ್ ಡಬ್ಬಿಯಲ್ಲಿದೆಯೇ ಎಂದು ಅಲ್ಲೇ ತೆರೆದು ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಈಗಾಗಲೇ 450 ವಾಟ್‌ನ ಒಳ್ಳೆಯ ಪವರ್ ಸಪ್ಲೈ ಮತ್ತು 8 ಪಿನ್ ವೈರ್ ಇದ್ದರೆ ಈ ಕಾರ್ಡ್ ನಿಮಗಲ್ಲ. ಅದೇ ಹಣಕ್ಕೆ ಇನ್ನಷ್ಟು ಸೇರಿಸಿ 8 ಜಿಬಿಯ ಕಾರ್ಡ್ ನೋಡಿ.