ಕ್ಯಾಂಪರ್ ವ್ಯಾನ್ ಬ್ಯಾಟರಿಗೆ 70 ಸ್ಕ್ವೇರ್ ಕೇಬಲ್: ಮೂರು ಮಳೆಗಾಲ ಕಳೆದ ಮೇಲೆ

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಮಲಗಲು ಮಂಚ, ಸಣ್ಣ ಅಡುಗೆ ಕಟ್ಟೆ, ಫ್ರಿಜ್ ಎಲ್ಲ ಮಾಡಿಸಿದ್ದೇವೆ. ಉಡುಪಿಯಿಂದ ಹೊರಟರೆ ಮರವಂತೆ, ಬೈಂದೂರು, ಆಗುಂಬೆ, ಕುದುರೆಮುಖ ಅಂತ ತಿಂಗಳಿಗೆ ಒಂದೆರಡು ಸಲ ಓಡಾಟ ಇದ್ದೇ ಇದೆ. ಕರೆಂಟಿಗೆ 12.8 ವೋಲ್ಟ್, 200 ಆಂಪಿಯರ್-ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪ್ಯಾರಲಲ್ ಆಗಿ (ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಜೋಡಿಸಿ) ಇಟ್ಟಿದ್ದೇವೆ, ಜೊತೆಗೆ ಬ್ಯಾಟರಿಯ ಕರೆಂಟನ್ನು ಮನೆಯ 230 ವೋಲ್ಟಿಗೆ ಬದಲಿಸುವ 2000 ವಾಟ್ಸಿನ ಇನ್ವರ್ಟರ್. ಇದರ ನಡುವೆ ಈಗ ಇರುವುದು 70 ಸ್ಕ್ವೇರ್ ಎಂಎಂನ (ಅಡ್ಡ ಕೊಯ್ದರೆ ಕಾಣುವ ಲೋಹದ ವಿಸ್ತೀರ್ಣ), ತವರ ಲೇಪನ ಇರುವ ತಾಮ್ರದ ಕೇಬಲ್. ಹಾಕಿ ಮೂರು ಮಳೆಗಾಲ ಆಯ್ತು. ಐದಕ್ಕೆ ನಾಲ್ಕೂವರೆ ಕೊಡ್ತೇನೆ. ಆ ಅರ್ಧ ಯಾಕೆ ಕಡಿಮೆ ಅಂತ ಮುಂದೆ ಹೇಳ್ತೇನೆ, ಮೊದಲು ಇದಕ್ಕೂ ಮುಂಚೆ ಏನಿತ್ತು ಅನ್ನುವುದು ಗೊತ್ತಾಗಬೇಕು.

ವೈರಿಂಗ್ ಶುರು ಮಾಡುವಾಗ ಮನೆ ಕೆಲಸದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೇಳಿದ್ದೆ. "2000 ವಾಟ್ಸಿಗೆ 4 ಸ್ಕ್ವೇರ್ ಧಾರಾಳ ಆಗ್ತದೆ ಸರ್, ಅದಕ್ಕಿಂತ ದಪ್ಪ ಎಂತಕ್ಕೆ?" ಅಂದರು. ಅವರ ಲೆಕ್ಕ ಮನೆಯ 230 ವೋಲ್ಟಿಗೆ ಸರಿ. ಅಲ್ಲಿ 2000 ವಾಟ್ಸ್ ಅಂದರೆ ಒಂಬತ್ತು ಆಂಪಿಯರ್ ಕೂಡ ಇಲ್ಲ. ಅದೇ 2000 ವಾಟ್ಸನ್ನು 12 ವೋಲ್ಟ್ ಬ್ಯಾಟರಿಯಿಂದ ಎಳೆದರೆ, ಇನ್ವರ್ಟರ್ ಒಳಗಿನ ನಷ್ಟವೂ ಸೇರಿ 175 ರಿಂದ 190 ಆಂಪಿಯರ್ ಆಗ್ತದೆ. ಸುಮಾರು ಇಪ್ಪತ್ತು ಪಟ್ಟು. ಇನ್ನೊಂದು ವಿಷಯ ಏನಂದರೆ, 230 ರಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, 12 ರಲ್ಲಿ ಅರ್ಧ ವೋಲ್ಟ್ ಹೋದರೆ ನೂರಕ್ಕೆ ನಾಲ್ಕು ಪಾಲು ಹೋದ ಹಾಗೆ.

ಇಷ್ಟು ನನಗೆ ಗೊತ್ತಿತ್ತು, ಹಾಗಾಗಿ 35 ಸ್ಕ್ವೇರ್ ಅಂತ ಕೇಳಿಯೇ ತಗೊಂಡೆ. ಬ್ಯಾಟರಿ ಹಿಂದಿನ ಬಾಗಿಲ ಹತ್ತಿರ, ಇನ್ವರ್ಟರ್ ಡ್ರೈವರ್ ಸೀಟಿನ ಹಿಂದೆ. ಹೋಗುವುದಕ್ಕೆ ನಾಲ್ಕು ಮೀಟರ್, ಬರುವುದಕ್ಕೆ ನಾಲ್ಕು ಮೀಟರ್.

ಮೊದಲ ಟ್ರಿಪ್ಪಿನಲ್ಲೇ ತೊಂದರೆ ಶುರುವಾಯ್ತು. ಮರವಂತೆಯಲ್ಲಿ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ, ಬೆಳಿಗ್ಗೆ ಅಮ್ಮ ಇಂಡಕ್ಷನ್ ಮೇಲೆ ಕುಚ್ಚಲಕ್ಕಿ ಗಂಜಿಗೆ ಇಟ್ಟರು. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 1800 ವಾಟ್ಸಿನಲ್ಲಿ ಇಟ್ಟು ಸ್ವಲ್ಪ ಹೊತ್ತಾಗಿರಬಹುದು, ಇನ್ವರ್ಟರ್ ಕೂಗಲು ಶುರು ಮಾಡಿ ಆಫ್ ಆಯ್ತು. ಲೋ ಬ್ಯಾಟರಿ ಅಂತ. ಬ್ಯಾಟರಿಯ ಆ್ಯಪ್ ನೋಡಿದರೆ 70 ಪರ್ಸೆಂಟ್ ಇದೆ! ಅಮ್ಮ ಕೊನೆಗೆ ಗ್ಯಾಸಿನಲ್ಲಿ ಗಂಜಿ ಬೇಯಿಸಿದರು. ನಾನು ಬ್ಯಾಟರಿಯೇ ಹಾಳು ಅಂತ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಪರೀಕ್ಷೆ ಮಾಡಿ ಸರಿ ಇದೆ ಅಂತ ವಾಪಸ್ ಕಳಿಸಿದರು.

ಆಮೇಲೆ ಕೂತು ಅಳೆದೆ. ಇಂಡಕ್ಷನ್ 1800 ರಲ್ಲಿ ಓಡುವಾಗ ಬ್ಯಾಟರಿಯ ಬಾಯಲ್ಲಿ 12.9 ವೋಲ್ಟ್. ಇನ್ವರ್ಟರಿನ ಬಾಯಲ್ಲಿ 11.0. ಕೇಬಲಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 182 ಆಂಪಿಯರ್ ತೋರಿಸುತ್ತಿತ್ತು. 1.9 ವೋಲ್ಟನ್ನು 182 ರಿಂದ ಗುಣಿಸಿ ನೋಡಿ, ಹತ್ತಿರ ಹತ್ತಿರ 345 ವಾಟ್ಸ್ ಬರೀ ಕೇಬಲ್, ಲಗ್ (ಕೇಬಲಿನ ತುದಿಗೆ ಕೂರಿಸುವ ಲೋಹದ ಕೊಂಡಿ), ಫ್ಯೂಸ್ ಕಾಯಿಸಲು ಹೋಗುತ್ತಿತ್ತು. ಲಗ್ ಮೇಲೆ ಬೆರಳು ಇಟ್ಟರೆ ಇಡಲಿಕ್ಕೆ ಆಗುತ್ತಿರಲಿಲ್ಲ.

ಆದರೆ ನಿಜವಾದ 35 ಸ್ಕ್ವೇರ್ ತಾಮ್ರ ಆಗಿದ್ದರೆ ಎಂಟು ಮೀಟರಿಗೆ 0.7 ವೋಲ್ಟಿನಷ್ಟು ಇಳಿಯಬೇಕು, 1.9 ಅಲ್ಲ. ಉಳಿದದ್ದು ಎಲ್ಲಿ ಹೋಯ್ತು? ಒಂದು ತುದಿ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬಿಳಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಹೊದಿಕೆ. 30 ಸೆಂಟಿಮೀಟರ್ ಕತ್ತರಿಸಿ, ಇನ್ಸುಲೇಶನ್ ತೆಗೆದು, ಪಕ್ಕದ ಬೇಕರಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟೆ. 35 ಸ್ಕ್ವೇರ್ ಶುದ್ಧ ತಾಮ್ರ ಆಗಿದ್ದರೆ 94 ಗ್ರಾಂ ತೂಗಬೇಕು. ತೂಗಿದ್ದು 27. ಅಂದರೆ ಲೋಹವೂ ಬೇರೆ, ಒಳಗಿನ ದಪ್ಪವೂ 35 ಇರಲಿಲ್ಲ, ಹೊರಗಿನ ಪ್ಲಾಸ್ಟಿಕ್ ಮಾತ್ರ ದಪ್ಪ. ಇದನ್ನು ಮಾರಿದ ಅಂಗಡಿಯ ಹೆಸರು ಬರೆಯುವುದಿಲ್ಲ. ಅವರಿಗೇ ಗೊತ್ತಿತ್ತೋ ಇಲ್ಲವೋ. ನೀವು ಮಾತ್ರ ದಯವಿಟ್ಟು ಕೇಬಲ್ ತಗೊಳ್ಳುವಾಗ ತುದಿ ಕೆರೆದು ನೋಡಿ, ಸಾಧ್ಯ ಆದರೆ ತೂಕ ಮಾಡಿ. ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ತವರ ಹಾಕಿದ ಒಳ್ಳೆಯ ತಾಮ್ರ ಇದಕ್ಕೆ ಸರಿ ಉಲ್ಟಾ: ಮೇಲೆ ಬಿಳಿ, ಕೆರೆದರೆ ಒಳಗೆ ಕೆಂಪು.

ಮುಂದಿನ ದಾರಿ ತೋರಿಸಿದ್ದು ಮಲ್ಪೆ ಬಂದರಿನಲ್ಲಿ ಬೋಟುಗಳ ವೈರಿಂಗ್ ಮಾಡುವ ಒಬ್ಬರು. ನಾನು 95 ಸ್ಕ್ವೇರ್ ಹಾಕೋಣವಾ ಅಂತ ಕೇಳಿದೆ. ಅವರು ಗಾಡಿ ಒಳಗೆ ಹತ್ತಿ, ಎರಡೂ ಕಡೆ ನೋಡಿ, "ಎಂತ ಮಾರಾಯ್ರೆ, ಅಷ್ಟು ಉದ್ದ ಯಾಕೆ? ಮೊದಲು ಇನ್ವರ್ಟರನ್ನು ಬ್ಯಾಟರಿ ಹತ್ತಿರ ತನ್ನಿ. ಆಮೇಲೆ ದಪ್ಪದ ಮಾತು" ಅಂದರು.

ಈ ಒಂದು ಮಾತು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು. ಲೆಕ್ಕ ಬಹಳ ಸುಲಭ. ತಾಮ್ರ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕೆ 0.0175; ಅದನ್ನು ಹೋಗಿಬರುವ ಒಟ್ಟು ಮೀಟರಿನಿಂದ ಗುಣಿಸಿ, ಆಂಪಿಯರಿನಿಂದ ಗುಣಿಸಿ, ಸ್ಕ್ವೇರ್ ಎಂಎಂನಿಂದ ಭಾಗಿಸಿ. ಎಷ್ಟು ವೋಲ್ಟ್ ಇಳಿಯುತ್ತದೆ ಅಂತ ಸಿಗುತ್ತದೆ. 175 ಆಂಪಿಯರಿಗೆ, ಎಂಟು ಮೀಟರ್ 70 ಸ್ಕ್ವೇರ್ ಹಾಕಿದರೆ 0.35 ವೋಲ್ಟ್. ಅದೇ ಬರೀ 2.2 ಮೀಟರ್ ಆದರೆ 35 ಸ್ಕ್ವೇರಿನಲ್ಲೇ 0.19. ಅರ್ಧ ದಪ್ಪದ ಕೇಬಲ್ ಕಡಿಮೆ ಕಳೆಯುತ್ತದೆ, ಸುಮ್ನೆ ಹತ್ತಿರ ಇದ್ದ ಕಾರಣಕ್ಕೆ! ಇನ್ವರ್ಟರಿನಿಂದ ಆಚೆ 230 ವೋಲ್ಟಿನ ವೈರ್ ಗಾಡಿಯ ಒಳಗೆ ಎಷ್ಟು ಉದ್ದ ಹೋದರೂ ತೊಂದರೆ ಇಲ್ಲ, ಅದು ತೆಳು ವೈರೇ.

ಇನ್ವರ್ಟರನ್ನು ಹತ್ತಿರ ತಂದ ಮೇಲೆ 35 ರಲ್ಲೇ ಯಾಕೆ ನಿಲ್ಲಲಿಲ್ಲ ಅಂತ ಕೇಳಬಹುದು. ಕಾರಣ ಫ್ಯೂಸ್. 190 ಆಂಪಿಯರ್ ಹರಿಯುವ ಕಡೆ 250 ರ ಫ್ಯೂಸ್ ಬೇಕು, ಇಲ್ಲದಿದ್ದರೆ ಲೋಡ್ ಹಾಕಿದಾಗೆಲ್ಲ ಅದು ಹೋಗುತ್ತಿರುತ್ತದೆ. ಫ್ಯೂಸ್ ಇರುವುದು ಕೇಬಲನ್ನು ಕಾಪಾಡಲು. ಫ್ಯೂಸ್ 250 ಆದರೆ ಕೇಬಲ್ ಅದಕ್ಕಿಂತ ಜಾಸ್ತಿ ತಡೆಯಬೇಕು, ಅಲ್ವಾ? ಇಲ್ಲಾಂದರೆ ಫ್ಯೂಸಿಗಿಂತ ಮೊದಲು ಕೇಬಲ್ಲೇ ಸುಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಮಲ್ಪೆ ಬೀಚಿನಲ್ಲಿ ನಿಲ್ಲಿಸಿದ ಗಾಡಿಯ ಒಳಗಿನ ಸೆಕೆಯೂ ಸೇರಿಸಿ ಯೋಚಿಸಿದರೆ 35 ಸಾಲುವುದಿಲ್ಲ, 50 ಅಂಚಿನಲ್ಲಿ ನಿಲ್ಲುತ್ತದೆ, 70 ಆದರೆ ನಿಶ್ಚಿಂತೆ. ಉದ್ದ ನೋಡಿ ವೋಲ್ಟೇಜಿನ ಲೆಕ್ಕ, ಫ್ಯೂಸ್ ನೋಡಿ ಬಿಸಿಯ ಲೆಕ್ಕ. ಎರಡರಲ್ಲಿ ಯಾವುದು ದಪ್ಪ ಕೇಳುತ್ತದೋ ಅದನ್ನು ಹಾಕಬೇಕು. ನಮ್ಮದರಲ್ಲಿ ಫ್ಯೂಸ್ ಗೆದ್ದಿತು. ಆ ಫ್ಯೂಸೂ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೇ ಇದೆ, ಕ್ಲಾಸ್ ಟಿ ಅನ್ನುವ ಜಾತಿಯದ್ದು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಬರುತ್ತದೆ, ಅಷ್ಟನ್ನು ಕಡಿಯಲು ಕಾರ್ ಆಡಿಯೋ ಅಂಗಡಿಯ ಸಾದಾ ಫ್ಯೂಸನ್ನು ನಂಬಲು ನನಗೆ ಮನಸ್ಸು ಬರಲಿಲ್ಲ.

ಕೇಬಲನ್ನು ಮಂಗಳೂರಿನ ಬಂದರು ಪ್ರದೇಶದಲ್ಲಿ, ಬೋಟಿನ ಸಾಮಾನು ಮಾರುವ ಕಡೆ ತಗೊಂಡೆ. ಆಗ ಮೀಟರಿಗೆ ಎಂಟುನೂರು ಚಿಲ್ಲರೆ ಆಯ್ತು. ಕ್ರಿಂಪಿಂಗ್, ಅಂದರೆ ಲಗ್ಗನ್ನು ಕೇಬಲ್ ಮೇಲೆ ಒತ್ತಿ ಬಿಗಿ ಮಾಡುವ ಕೆಲಸ, ಮಲ್ಪೆಯವರೇ ಹೈಡ್ರಾಲಿಕ್ ಟೂಲಿನಲ್ಲಿ ಮಾಡಿಕೊಟ್ಟರು. ಮೊದಲಿನ ಲಗ್‌ಗಳು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದವು. ವ್ಯತ್ಯಾಸ ನೋಡಬೇಕು ಅಂತ ಹಳೆಯದೊಂದು, ಹೊಸದಾಗಿ ಕ್ರಿಂಪ್ ಮಾಡಿದ ಸ್ಯಾಂಪಲ್ ಒಂದು, ಎರಡನ್ನೂ ಗರಗಸದಲ್ಲಿ ಅಡ್ಡ ಕೊಯ್ದೆವು. ಹಳೆಯದರಲ್ಲಿ ಎಳೆಗಳ ನಡುವೆ ಕಣ್ಣಿಗೆ ಕಾಣುವ ಸಂದು. ಹೊಸದರಲ್ಲಿ ಎಳೆ ಯಾವುದು, ಲಗ್ ಯಾವುದು ಅಂತ ಬೇರೆ ಮಾಡಲಿಕ್ಕೇ ಆಗಲಿಲ್ಲ, ಒಡೆದ ಅಡಿಕೆ ಹೋಳಿನ ಹಾಗೆ ಒಂದೇ ಗಟ್ಟಿ. ಸೋಲ್ಡರ್ ಮಾಡೋಣವಾ ಅಂತ ಕೇಳಿದ್ದಕ್ಕೆ ಬೇಡವೇ ಬೇಡ ಅಂದರು. ಸೋಲ್ಡರ್ ಎಳೆಗಳ ಒಳಗೆ ಹರಿದು ಕೇಬಲನ್ನು ಗಡುಸು ಮಾಡುತ್ತದೆ, ಗಾಡಿ ಅಲುಗಾಡುವಾಗ ಆ ಗಡುಸು ಮುಗಿಯುವ ಜಾಗದಲ್ಲೇ ಎಳೆಗಳು ತುಂಡಾಗುತ್ತವೆ.

ಮುಗಿಸಿ ಮತ್ತೆ ಅದೇ ಇಂಡಕ್ಷನ್, ಅದೇ 1800. ಬ್ಯಾಟರಿಯಲ್ಲಿ 12.9, ಇನ್ವರ್ಟರಿನಲ್ಲಿ 12.67. ಫ್ಯೂಸ್, ಸ್ವಿಚ್ಚು ಎಲ್ಲ ಸೇರಿ 0.23 ಅಷ್ಟೇ. ನನಗೆ ಬಹಳ ಖುಷಿ ಕೊಟ್ಟದ್ದು ಕ್ಲ್ಯಾಂಪ್ ಮೀಟರ್: 182 ಇದ್ದದ್ದು 158 ಕ್ಕೆ ಇಳಿದಿತ್ತು. ಇನ್ವರ್ಟರಿಗೆ ಬೇಕಾದ ವಾಟ್ಸ್ ಅಷ್ಟೇ ಇರುತ್ತದೆ, ವೋಲ್ಟ್ ಕಡಿಮೆ ಬಂದರೆ ಅದು ಆಂಪಿಯರ್ ಜಾಸ್ತಿ ಎಳೆಯುತ್ತದೆ, ಆಂಪಿಯರ್ ಜಾಸ್ತಿ ಆದರೆ ಕೇಬಲಿನಲ್ಲಿ ಇನ್ನೂ ವೋಲ್ಟ್ ಇಳಿಯುತ್ತದೆ. ತೆಳು ಕೇಬಲ್ ಈ ರೀತಿ ತನ್ನ ತೊಂದರೆಯನ್ನು ತಾನೇ ಬೆಳೆಸುತ್ತದೆ. ಆವತ್ತು ಗಂಜಿ ಪೂರ್ತಿ ಇಂಡಕ್ಷನ್ನಿನಲ್ಲೇ ಬೆಂದಿತು.

ಈಗ ಆ ಅರ್ಧ ಅಂಕದ ವಿಷಯ. 70 ಸ್ಕ್ವೇರ್ ಬಗ್ಗುವುದು ಕಷ್ಟ. ಸಣ್ಣ ಬಾಕ್ಸಿನ ಒಳಗೆ ತಿರುಗಿಸಲು ಇಬ್ಬರು ಬೇಕು. ಭಾರವೂ ಜಾಸ್ತಿ, ಅದರ ಭಾರ ಪೂರ್ತಿ ಬ್ಯಾಟರಿಯ ಟರ್ಮಿನಲ್ ಮೇಲೆ ಬೀಳದ ಹಾಗೆ ಹತ್ತಿರವೇ ಕ್ಲಿಪ್ ಹಾಕಬೇಕು. ನಾನು ಒಂದು ಕಡೆ ಕ್ಲಿಪ್ ಬಿಟ್ಟಿದ್ದೆ. ಶಿರಾಡಿ ಘಾಟಿಯಲ್ಲಿ ಎರಡು ಸಲ ಹೋಗಿ ಬರುವುದರಲ್ಲಿ ತಗಡಿನ ಅಂಚಿಗೆ ತಾಗಿ ಮೇಲಿನ ರಬ್ಬರ್ ಸವೆದಿತ್ತು. ಈಗ ಅಲ್ಲಿ ರಬ್ಬರ್ ಬುಷ್ ಹಾಕಿದೆ.

ಮಳೆಗಾಲದ ವಿಷಯ ಹೇಳಲೇಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪು, ಮಳೆಗಾಲದಲ್ಲಿ ನಾಲ್ಕು ತಿಂಗಳು ತೇವ. ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಇದೇ ಅಳತೆ ಮತ್ತೆ ಮಾಡ್ತೇನೆ. ಮೊದಲ ವರ್ಷ 0.23 ಹಾಗೇ ಇತ್ತು. ಎರಡನೇ ವರ್ಷ 0.41! ಲೋಡ್ ಓಡುವಾಗ ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಒಂದೊಂದೇ ಜಾಯಿಂಟಿನ ಆಚೆ ಈಚೆ ಮುಟ್ಟಿಸುತ್ತಾ ಹೋದೆ. ಎಲ್ಲ ಕಡೆ ಎರಡು, ಮೂರು, ನಾಲ್ಕು ಮಿಲಿವೋಲ್ಟ್. ಎರಡು ಬ್ಯಾಟರಿಗಳ ನಡುವಿನ ಸಣ್ಣ ನೆಗೆಟಿವ್ ತುಂಡಿನಲ್ಲಿ ಮಾತ್ರ 170. ಆ ಒಂದು ತುಂಡನ್ನು ಮಾತ್ರ ಮನೆಯಲ್ಲಿ ಇದ್ದ ಸಾದಾ ತಾಮ್ರದ ಕೇಬಲಿನಿಂದ ಮಾಡಿದ್ದೆ, ತೇವ ಒಳಗೆ ಹೋಗದ ಹಾಗೆ ಕಾಯಿಸಿ ಬಿಗಿ ಮಾಡುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯನ್ನೂ ಹಾಕಿರಲಿಲ್ಲ. ಬಿಚ್ಚಿ ನೋಡಿದರೆ ಲಗ್ಗಿನ ಬುಡದಲ್ಲಿ ಹಸಿರು ಕಿಲುಬು, ದೇವರ ಕೋಣೆಯ ಮೂಲೆಯಲ್ಲಿ ಮರೆತ ತಾಮ್ರದ ತಂಬಿಗೆಗೆ ಹಿಡಿಯುವಂಥದ್ದೇ. ಇನ್ಸುಲೇಶನ್ ಸೀಳಿದರೆ ಒಳಗೆ ಒಂದು ಬೆರಳುದ್ದ ಎಳೆಗಳು ಕಪ್ಪಾಗಿದ್ದವು. ತವರದ ಕೇಬಲಿನ ತುದಿಗಳು ಮೊದಲ ದಿನದ ಹಾಗೇ ಇದ್ದವು. ತುಂಡು ಬದಲಾಯಿಸಿದ ಮೇಲೆ 0.24. ಈ ಮೂರನೇ ವರ್ಷವೂ 0.24. ಒಳನಾಡಿನವರಿಗೆ ಸಾದಾ ತಾಮ್ರ ಸಾಕಾಗಬಹುದು. ಕರಾವಳಿಯಲ್ಲಿ ಇರುವವರು ತವರಕ್ಕೇ ದುಡ್ಡು ಹಾಕಿ.

ಪ್ಯಾರಲಲ್ ಬ್ಯಾಟರಿ ಇರುವವರು ಇನ್ವರ್ಟರಿಗೆ ಪಾಸಿಟಿವ್ ಒಂದು ಬ್ಯಾಟರಿಯಿಂದ, ನೆಗೆಟಿವ್ ಇನ್ನೊಂದರಿಂದ ತಗೊಳ್ಳಿ, ಆಗ ಎರಡೂ ಸಮ ಕೆಲಸ ಮಾಡುತ್ತವೆ. 3000 ವಾಟ್ಸ್ ಬೇಕು ಅನ್ನುವವರು ಇನ್ನೂ ದಪ್ಪ ಕೇಬಲ್ ಹುಡುಕುವುದಕ್ಕಿಂತ 24 ವೋಲ್ಟಿಗೆ ಹೋಗುವುದು ಒಳ್ಳೆಯದು. ಆಂಪಿಯರ್ ಅರ್ಧ ಆಗುತ್ತದೆ, ಅದೇ ಕೇಬಲಿನಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ.

ಇನ್ನು ಬಾಕಿ ಇರುವುದು ಎಂಜಿನ್ ಕಡೆಯ ಲೈನ್. ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ), ಈ ಬ್ಯಾಟರಿಗಳನ್ನು ಚಾರ್ಜ್ ಮಾಡುವ 30 ಆಂಪಿಯರಿನ ಡಿಸಿ ಚಾರ್ಜರಿಗೆ ಬರುವುದು ಆರು ಮೀಟರ್, ಹೋಗಿಬರುವುದು ಹನ್ನೆರಡು. ಅಲ್ಲಿ ಇನ್ನೂ ಹಳೆಯ 10 ಸ್ಕ್ವೇರ್ ಇದೆ, ಲೆಕ್ಕದಲ್ಲಿ 0.63 ವೋಲ್ಟ್ ಇಳಿಯುತ್ತದೆ. 16 ಹಾಕಿದರೆ 0.39 ಕ್ಕೆ ಬರುತ್ತದೆ. ಅದಕ್ಕೆ ಹನ್ನೆರಡು ಮೀಟರ್ ತವರದ್ದೇ ತಂದಿಟ್ಟಿದ್ದೇನೆ. ಮಲ್ಪೆಯವರು ಬೋಟಿನ ಕೆಲಸದಿಂದ ಬಿಡುವಾದ ಭಾನುವಾರ ಬರ್ತೇನೆ ಅಂದಿದ್ದಾರೆ.