ಬೆನ್ನುಮೂಳೆ ಕುಸಿದ ಮೇಲೆ: ವಾರದ ಮಾತ್ರೆಯೋ, ವರ್ಷದ ಡ್ರಿಪ್ಪೋ?

ಮೂಳೆ ಸವೆದು ಬೆನ್ನುಮೂಳೆ ಒಂದು ಸಲ ಕುಸಿದರೆ ಇನ್ನೊಂದು ಕುಸಿಯುವ ಅಪಾಯ ಜಾಸ್ತಿ. ಗೂನು ಹೆಚ್ಚುವುದು ಹೀಗೆಯೇ. ಬರೀ ನೋವಿನ ಮಾತ್ರೆ ಸಾಲದು, ಮೂಳೆ ಸವೆತ ತಡೆಯುವ ಔಷಧಿಯೂ ಬೇಕು. ಅಂಥವು ಎರಡು ಇಲ್ಲಿವೆ.

ಅಲೆಂಡ್ರೋನೇಟ್ 70 ಮಿ.ಗ್ರಾಂ ಮಾತ್ರೆ ವಾರಕ್ಕೊಂದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಲೋಟ ತುಂಬ ನೀರಿನ ಜೊತೆ ನುಂಗಬೇಕು, ಕಾಫಿ ಜೊತೆ ಅಲ್ಲ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ತಿನ್ನುವಂತಿಲ್ಲ. ಬೆನ್ನು ಬಾಗಿದ ಅಜ್ಜಿಗೆ ನೆಟ್ಟಗೆ ಕೂರುವುದೇ ಕಷ್ಟ ಅಲ್ವಾ? ಅನ್ನನಾಳದ ತೊಂದರೆ ಇದ್ದರಂತೂ ಬೇಡವೇ ಬೇಡ.

ಜೋಲೆಡ್ರೋನಿಕ್ ಆಸಿಡ್ 5 ಮಿ.ಗ್ರಾಂ ಡ್ರಿಪ್ ವರ್ಷಕ್ಕೊಮ್ಮೆ. ಮೊದಲ ಸಲ ಜ್ವರ, ಮೈಕೈ ನೋವು ಬರಬಹುದು, ಕೆಲವೇ ದಿನದಲ್ಲಿ ಇಳಿಯುತ್ತದೆ. ಮುಟ್ಟು ನಿಂತ ಮಹಿಳೆಯರ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿಯಿಲ್ಲದ ಡ್ರಿಪ್ ಪಡೆದವರಿಗಿಂತ ಇದನ್ನು ಪಡೆದವರಲ್ಲಿ ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತ 70% ಕಡಿಮೆಯಾಗಿತ್ತು. ಮಾತ್ರೆ ಮರೆಯುವವರಿಗೆ ನನ್ನ ಆಯ್ಕೆ ಇದೇ.

ಎರಡಕ್ಕೂ ಮುಂಚೆ ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ.